ಎದೆ ಡವಡವ ಎಂದಾಗ ವಾಚ್‌ನಲ್ಲಿ ಇಸಿಜಿ ತೆಗೆಯುವುದು ಹೇಗೆ?

ಇದ್ದಕ್ಕಿದ್ದಂತೆ ಎದೆ ಡವಗುಟ್ಟಲು ಶುರುವಾಗುತ್ತದೆ. ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ನಿಂತಿರುತ್ತದೆ, ಇಸಿಜಿಯಲ್ಲಿ ಏನೂ ಕಾಣುವುದಿಲ್ಲ. ಇಸಿಜಿ ಇರುವ ವಾಚ್ ಕೆಲಸಕ್ಕೆ ಬರುವುದು ಇಂಥಲ್ಲೇ.

ಹಿಂಬದಿಯಲ್ಲಿ ಹಸಿರು ಬೆಳಕು ಮಾತ್ರ ಮಿನುಗುವ ವಾಚ್ ನಾಡಿ ಎಣಿಸುತ್ತದೆಯೇ ಹೊರತು ಇಸಿಜಿ ತೆಗೆಯುವುದಿಲ್ಲ. ಇಸಿಜಿ ವಾಚ್‌ಗೆ ಬೆನ್ನಿನಲ್ಲೊಂದು, ಗುಂಡಿ ಅಥವಾ ಅಂಚಿನಲ್ಲೊಂದು ಲೋಹದ ಎಲೆಕ್ಟ್ರೋಡ್ ಇರುತ್ತದೆ. ಎಡಗೈಗೆ ಕಟ್ಟಿ ಬಲಗೈ ಬೆರಳು ಇಟ್ಟರೆ ಎರಡು ಕೈಗಳ ನಡುವಿನ ವಿದ್ಯುತ್ ವ್ಯತ್ಯಾಸ ದಾಖಲಾಗುತ್ತದೆ. ವೈದ್ಯರು 'ಲೀಡ್ 1' ಎನ್ನುವುದು ಇದನ್ನೇ. (ಇಸಿಜಿಗಾಗಿ 1924ರ ನೊಬೆಲ್ ಪಡೆದ ಐಂಥೋವನ್ ಕಾಲದಲ್ಲಿ ಇದಕ್ಕೆ ಉಪ್ಪುನೀರಿನ ಪಾತ್ರೆಯಲ್ಲಿ ಕೈ ಅದ್ದಿ ಕೂರಬೇಕಿತ್ತು!)

ಮೊದಲು ಸೆಟ್ಟಿಂಗ್‌ನಲ್ಲಿ ಯಾವ ಕೈಗೆ ಕಟ್ಟಿದ್ದೀರಿ ಎಂಬುದನ್ನು ಸರಿಯಾಗಿ ಆರಿಸಿ. ತಪ್ಪಾದರೆ ಅಲೆ ತಲೆಕೆಳಗಾಗಿ ಬರುತ್ತದೆ. ಕೈ ತೊಳೆದು ಒರೆಸಿಕೊಳ್ಳಿ. ಬಿಸಿನೀರಿನ ಬೇಸಿನ್ನಿನಲ್ಲಿ ಕೈಯಾಡಿಸಿ ರೇಷ್ಮೆ ನೂಲು ಬಿಚ್ಚುವವರು ಕೆಲಸದ ನಡುವೆಯೇ ಬೆರಳು ಇಡಬಾರದು. ಚಳಿಗಾಲದಲ್ಲಿ ಚರ್ಮ ಒಣಗಿ ಬಿರಿದಿದ್ದರೆ ಬೆರಳ ತುದಿಗೆ ತುಸು ತೇವ ಸಾಕು. ಪಟ್ಟಿ ಜಾರದಂತೆ ಬಿಗಿ ಮಾಡಿ, ಕುಳಿತು, ಎರಡೂ ಮೊಣಕೈ ಮೇಜಿನ ಮೇಲೆ ಊರಿ. ಆ್ಯಪ್ ತೆರೆದು ಬೆರಳನ್ನು ಮೆಲ್ಲಗೆ ಮುಟ್ಟಿಸಿ. ಒತ್ತಿದರೆ ತೋಳಿನ ಸ್ನಾಯು ಬಿಗಿಯುತ್ತದೆ, ಗೆರೆಯೆಲ್ಲ ಹುಲ್ಲಿನಂತೆ ನಡುಗುತ್ತದೆ. 30 ಸೆಕೆಂಡು ಮಾತು ಬೇಡ. ಗೆರೆ ಸಮವಾಗಿ ದಪ್ಪಗೆ ಜುಂ ಎನ್ನುವಂತಿದ್ದರೆ ಮನೆಯ 50 ಹರ್ಟ್ಜ್ ಕರೆಂಟಿನ ಕಾಟ ಇರಬಹುದು. ಚಾರ್ಜರ್, ಮಿಕ್ಸಿ ಹತ್ತಿರವಿದ್ದರೆ ದೂರ ಸರಿಯಿರಿ.

ಇನ್ನು ಓದುವುದು. 30 ಸೆಕೆಂಡಿನಲ್ಲಿರುವ ಎತ್ತರದ ಮೊನೆಗಳನ್ನು ಎಣಿಸಿ 2ರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಬಳಿಕ ಒಂದು ಕಾಗದದಂಚಿನಲ್ಲಿ ಮೊನೆಯಿಂದ ಮೊನೆಗೆ ಗುರುತು ಹಾಕಿ ಮುಂದಕ್ಕೆ ಸರಿಸುತ್ತ ಹೋಗಿ. ಅಂತರ ಒಮ್ಮೆಯೂ ಒಂದೇ ಲಯಕ್ಕೆ ಸಿಗದೆ, ಮೊನೆಗೆ ಮುಂಚೆ ಬರುವ ಪುಟ್ಟ ಗುಬುಟು ಕಾಣದಿದ್ದರೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ನಡುಗುವ ತೊಂದರೆ) ಎಂಬ ಅನುಮಾನ. ಇದರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಹಾಗಂತ ರಕ್ತ ತೆಳುಮಾಡುವ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ವಾಚ್ 'ಇನ್‌ಕನ್‌ಕ್ಲೂಸಿವ್' (ಖಚಿತವಾಗಿ ಹೇಳಲಾಗದು) ಎಂದರೆ ರೋಗವೆಂದಲ್ಲ, ಮತ್ತೊಮ್ಮೆ ತೆಗೆಯಿರಿ.

ಒಂದು ಕಡೆ ಮಾತ್ರ ವಾಚ್ ಮುಟ್ಟಲೇಬಾರದು. ಎದೆ ಹಿಂಡಿದಂತಾಗಿ ಬೆವರು, ಉಸಿರುಕಟ್ಟು, ತೋಳು-ದವಡೆ ನೋವು ಬಂದರೆ, ಪ್ರಜ್ಞೆ ತಪ್ಪಿದರೆ ನೇರ 108ಕ್ಕೆ ಕರೆ ಮಾಡಿ. ಆಸ್ಪತ್ರೆಯ ಇಸಿಜಿ 10 ಎಲೆಕ್ಟ್ರೋಡ್‌ಗಳಿಂದ ಹೃದಯವನ್ನು 12 ಕೋನದಿಂದ ನೋಡುತ್ತದೆ, ವಾಚ್‌ಗೆ ಕಾಣುವುದು ಒಂದೇ. ಅದು 'ಸೈನಸ್ ರಿದಮ್' (ಸಹಜ ಲಯ) ಎಂದು ತೋರಿಸುತ್ತಿರುವಾಗಲೇ ಹೃದಯಾಘಾತ ಆಗುತ್ತಿರಬಹುದು. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಉಳಿದಂತೆ, ಸಿಕ್ಕ ದಾಖಲೆಯನ್ನು ಪಿಡಿಎಫ್ ಮಾಡಿಕೊಳ್ಳಿ. ಆಗ ಗಂಟೆ ಎಷ್ಟು, ಏನು ಮಾಡುತ್ತಿದ್ದಿರಿ, ಕಾಫಿ ಕುಡಿದಿದ್ದಿರಾ, ಯಾವ ಮಾತ್ರೆ ನುಂಗಿದ್ದಿರಿ ಎಂದು ಬರೆದಿಡಿ. ಪರದೆಯ ಫೋಟೋ ಬೇಡ. ಚೌಕುಳಿ ಹಾಳೆಯಲ್ಲಿ ಮುದ್ರಣವಾದ ಪಿಡಿಎಫ್ ಆದರೆ ವೈದ್ಯರು ಅಳೆದು ನೋಡಬಹುದು.