‘ಹಿಸ್ಪಾನಿಕ್ ವೋಟು’ ಅಂದರೆ ಯಾರ ವೋಟು? ಅಮೆರಿಕದ ಕನ್ನಡಿಗರಿಗೆ ಒಂದು ಕೈಪಿಡಿ

ಟೆಕ್ಸಸ್‌ಗೆ ಬಂದ ಹೊಸದು. ತರಕಾರಿ ಅಂಗಡಿಗೆ ಹೋದರೆ ಗಲ್ಲಾದಲ್ಲಿದ್ದವರು ನನ್ನ ಮುಖ ನೋಡಿ ಸೀದಾ ಸ್ಪ್ಯಾನಿಷ್‌ನಲ್ಲಿ ಮಾತು ಶುರು ಮಾಡುತ್ತಿದ್ದರು. ನಾನು ಕೈ ಆಡಿಸಿ ‘ಇಂಡಿಯಾ, ಇಂಡಿಯಾ’ ಅನ್ನುತ್ತಿದ್ದೆ. ಅವರು ನಕ್ಕು ಇಂಗ್ಲಿಷಿಗೆ ಇಳಿಯುತ್ತಿದ್ದರು. ಡಾಲಸ್, ಹೂಸ್ಟನ್, ಫೀನಿಕ್ಸ್ ಕಡೆ ಇರುವ ನಿಮಗೂ ಇದು ಆಗಿರುತ್ತದೆ.

ಹೀಗೆ ದಿನಾ ಎದುರಾಗುವ ಜನರ ಬಗ್ಗೆ ಚುನಾವಣೆ ಬಂದಾಗಲೆಲ್ಲ ಟಿವಿಯಲ್ಲಿ ಒಂದೇ ಚರ್ಚೆ. ರಿಪಬ್ಲಿಕನ್ ಪಕ್ಷಕ್ಕೆ ಹಿಸ್ಪಾನಿಕ್ ಮತದಾರರು ಒಲಿದರೇ, ಇಲ್ಲವೇ? ಕನ್ನಡ ಕೂಟದ ಊಟದ ಸಾಲಿನಲ್ಲೂ ಇದು ಬರುತ್ತದೆ. ‘ವಲಸೆ ಬಂದವರನ್ನು ಅಷ್ಟು ಬೈಯುವ ಪಕ್ಷಕ್ಕೆ ಇವರು ಯಾಕೆ ವೋಟು ಹಾಕ್ತಾರೆ?’ ಅಂತ. ಈ ಪ್ರಶ್ನೆಯಲ್ಲೇ ಒಂದು ತಪ್ಪಿದೆ. ಹಿಸ್ಪಾನಿಕ್ ಜನರೆಲ್ಲ ವಲಸೆ ಬಂದವರು, ಎಲ್ಲರೂ ಒಂದೇ ಜನ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಒಂದು ಹೆಸರು, ಹತ್ತು ಊರು

ಉತ್ತರ ಭಾರತದಲ್ಲಿ ಒಂದು ಕಾಲಕ್ಕೆ ವಿಂಧ್ಯದ ಈಚೆಗಿನವರೆಲ್ಲ ‘ಮದ್ರಾಸಿ’ಗಳೇ ಆಗಿದ್ದರು. ಧಾರವಾಡದವರೂ ಮದ್ರಾಸಿ, ಕೊಚ್ಚಿಯವರೂ ಮದ್ರಾಸಿ. ಹಿಸ್ಪಾನಿಕ್ ಅನ್ನುವುದೂ ಹೆಚ್ಚುಕಡಿಮೆ ಅಂಥದೇ ಪದ. ಸರ್ಕಾರದ ಫಾರಂನಲ್ಲಿ ಅದು ಗಟ್ಟಿಯಾಗಿದ್ದು 1970ರ ದಶಕದಲ್ಲಿ. 1980ರ ಜನಗಣತಿಯಲ್ಲಿ ಎಲ್ಲರಿಗೂ ಈ ಪ್ರಶ್ನೆ ಕೇಳಿದರು. ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು ಹಿಸ್ಪಾನಿಕ್. ಲ್ಯಾಟಿನ್ ಅಮೆರಿಕದ ಮೂಲದವರು ಲ್ಯಾಟಿನೋ. ಹಾಗಾಗಿ ಪೋರ್ಚುಗೀಸ್ ಆಡುವ ಬ್ರೆಜಿಲ್‌ನವರು ಲ್ಯಾಟಿನೋ, ಹಿಸ್ಪಾನಿಕ್ ಅಲ್ಲ. ಸ್ಪೇನ್‌ನವರು ಹಿಸ್ಪಾನಿಕ್, ಲ್ಯಾಟಿನೋ ಅಲ್ಲ. ದಿನಬಳಕೆಯಲ್ಲಿ ಯಾರೂ ಇಷ್ಟೆಲ್ಲ ಲೆಕ್ಕ ಇಡುವುದಿಲ್ಲ, ಬಿಡಿ.

2020ರ ಜನಗಣತಿಯ ಪ್ರಕಾರ ಇವರು 6.2 ಕೋಟಿ, ಅಂದರೆ ದೇಶದ ಜನರಲ್ಲಿ ಶೇ 18.7. ಮೂವರಲ್ಲಿ ಇಬ್ಬರು ಇಲ್ಲೇ ಹುಟ್ಟಿದವರು.

ಒಳಗೆ ಹೊಕ್ಕು ನೋಡಿದರೆ ಒಬ್ಬೊಬ್ಬರದು ಒಂದೊಂದು ಕತೆ. ಮಯಾಮಿಯ ಕ್ಯೂಬನ್ನರು ಕ್ಯಾಸ್ಟ್ರೋ ಆಡಳಿತ ಬಿಟ್ಟು ಓಡಿ ಬಂದವರು. ಅವರ ಮುಂದೆ ‘ಸಮಾಜವಾದ’ ಎಂಬ ಪದ ಎತ್ತಿದರೆ ಸಾಕು, ಮುಖ ಸಿಂಡರಿಸುತ್ತಾರೆ. 1966ರಿಂದ ಅವರಿಗೆ ಗ್ರೀನ್ ಕಾರ್ಡ್‌ಗೆ ಬೇರೆಯೇ ಒಂದು ಸಲೀಸಾದ ಕಾನೂನು ಇದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುವ ನಮಗೆ ಇದು ಕೇಳಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಪೋರ್ಟೊರಿಕೊದವರು ವಲಸಿಗರೇ ಅಲ್ಲ. 1917ರಿಂದ ಅಮೆರಿಕದ ಪ್ರಜೆಗಳು. ದ್ವೀಪದಲ್ಲಿದ್ದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ, ಫ್ಲಾರಿಡಾಕ್ಕೋ ಪೆನ್ಸಿಲ್ವೇನಿಯಾಕ್ಕೋ ಬಂದು ನೆಲೆಸಿದರೆ ಇದೆ.

ಇನ್ನು ದಕ್ಷಿಣ ಟೆಕ್ಸಸ್‌ನವರು. ನನ್ನ ಸಹೋದ್ಯೋಗಿಯೊಬ್ಬರು ರಿಯೋ ಗ್ರಾಂಡೆ ನದಿಯ ದಂಡೆಯವರು. ಆ ಇಡೀ ಸೀಮೆಯನ್ನು ಅವರು ಸುಮ್ನೆ ‘ವ್ಯಾಲಿ’ ಅನ್ನುತ್ತಾರೆ. ‘ನಿಮ್ಮ ಮನೆಯವರು ಮೆಕ್ಸಿಕೊದಿಂದ ಯಾವಾಗ ಬಂದಿರಿ?’ ಎಂದು ಒಮ್ಮೆ ಕೇಳಿಬಿಟ್ಟೆ. ‘ನಾವು ಬರಲಿಲ್ಲ, ಗಡಿ ಬಂತು’ ಅಂದರು. 1848ರ ಒಪ್ಪಂದದಲ್ಲಿ ಆ ನದಿಯೇ ಗಡಿಯಾಯಿತು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ಮನೆ ಇದ್ದಲ್ಲೇ ಇತ್ತು, 1956ರಲ್ಲಿ ರಾಜ್ಯ ಬದಲಾಯಿತು.

ಟಿಕೆಟ್ ಕೊಡುವವರು ಯಾರು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರಿಪಬ್ಲಿಕನ್ನರ ಪೇಚಾಟದ ಬೇರು ಇರುವುದು ಈ ಏರ್ಪಾಡಿನಲ್ಲಿ.

ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಇಲ್ಲಿ ಕೊಡುವುದು ಜನ. ಅದಕ್ಕೇ ನಡೆಯುವ ಮತದಾನವನ್ನು ಪ್ರೈಮರಿ ಅನ್ನುತ್ತಾರೆ. ಟೆಕ್ಸಸ್‌ನಲ್ಲಿ ಅದು ಮಾರ್ಚ್‌ನಲ್ಲಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಪಕ್ಷದ ಹೆಸರು ಇರುವುದಿಲ್ಲ. ಅವತ್ತು ಹೋಗಿ ಯಾವುದಾದರೂ ಒಂದು ಪಕ್ಷದ ಬ್ಯಾಲೆಟ್ ಕೇಳಬಹುದು. ಫ್ಲಾರಿಡಾದಲ್ಲಿ ಹಾಗಲ್ಲ, ಆ ಪಕ್ಷದವರೆಂದು ಮೊದಲೇ ನೋಂದಾಯಿಸಿದವರಿಗೆ ಮಾತ್ರ. ಎಲ್ಲೇ ಆಗಲಿ, ಪ್ರೈಮರಿಗೆ ಬರುವವರು ಕಡಿಮೆ. ಬರುವವರು ಪಕ್ಷದ ಕಟ್ಟಾಳುಗಳು. ರಿಪಬ್ಲಿಕನ್ ಕಟ್ಟಾಳುಗಳಿಗೆ ವಲಸೆಯ ವಿಷಯದಲ್ಲಿ ಬಿಗಿ ಬೇಕು. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಗೆಲ್ಲಲು ಬೇಕಾದ ಹಿಸ್ಪಾನಿಕ್ ಮತದಾರರಲ್ಲಿ ಬಹಳ ಜನರಿಗೆ ಅದೇ ಬಿಗಿ ಚುಚ್ಚುತ್ತದೆ. ಮಾರ್ಚ್‌ನಲ್ಲಿ ಒಂದು ಬಾಯಿ, ನವೆಂಬರ್‌ನಲ್ಲಿ ಇನ್ನೊಂದು ಬಾಯಿ. ಮೊಬೈಲ್ ಇರುವ ಕಾಲದಲ್ಲಿ ಎರಡು ಬಾಯಿ ಇಟ್ಟುಕೊಳ್ಳುವುದು ಕಷ್ಟ.

ಇದು ಹೊಸ ಗೋಳೇನಲ್ಲ. 1986ರಲ್ಲಿ ಅಧ್ಯಕ್ಷರಾಗಿದ್ದ ರೇಗನ್ ಸಹಿ ಹಾಕಿದ ಕಾನೂನಿನಿಂದ ದಾಖಲೆ ಇಲ್ಲದ ಸುಮಾರು 27 ಲಕ್ಷ ಜನರಿಗೆ ಕಾಯಂ ನೆಲೆ ಸಿಕ್ಕಿತು. ರೇಗನ್ ಅದೇ ರಿಪಬ್ಲಿಕನ್ ಪಕ್ಷದವರು. ಎಂಟೇ ವರ್ಷಕ್ಕೆ, 1994ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಪ್ರಪೊಸಿಷನ್ 187 ಬಂತು. ದಾಖಲೆ ಇಲ್ಲದವರಿಗೆ ಸರ್ಕಾರಿ ಶಾಲೆ ಇಲ್ಲ, ತುರ್ತು ಬಿಟ್ಟು ಬೇರೆ ಚಿಕಿತ್ಸೆ ಇಲ್ಲ ಎಂಬ ಪ್ರಸ್ತಾವ, ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವಂಥದು. ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಅದನ್ನೇ ಹಿಡಿದು ಪ್ರಚಾರ ಮಾಡಿ ಗೆದ್ದರು. ಪ್ರಸ್ತಾವವೂ ಶೇ 59 ಮತ ಪಡೆದು ಗೆದ್ದಿತು. ಆಮೇಲೆ ಕೋರ್ಟು ಅದನ್ನು ತಡೆಯಿತು. ಆದರೆ ಒಂದು ತಲೆಮಾರಿನ ಹಿಸ್ಪಾನಿಕ್ ಯುವಕರು ಬೀದಿಗೆ ಇಳಿದರು, ಮತದಾರರಾದರು, ಡೆಮೊಕ್ರಾಟರಾದರು. ರೇಗನ್ ಗವರ್ನರ್ ಆಗಿದ್ದ ರಾಜ್ಯ ಇವತ್ತು ರಿಪಬ್ಲಿಕನ್ನರ ಕೈಗೆ ಸಿಗುವುದಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇವೆ. ಆದರೂ ಪಕ್ಷದ ಹಿರಿತಲೆಗಳು ಈಗಲೂ 187 ಅಂದರೆ ಬೆಚ್ಚುತ್ತಾರೆ.

ಪೋಸ್ಟ್‌ಮಾರ್ಟಂ ವರದಿ ಮತ್ತು ಕುಡಿಯದ ಕಷಾಯ

2004ರಲ್ಲಿ ಜಾರ್ಜ್ ಡಬ್ಲ್ಯು. ಬುಷ್‌ಗೆ ಹಿಸ್ಪಾನಿಕ್ ಮತದಲ್ಲಿ ಸುಮಾರು ಶೇ 40 ಸಿಕ್ಕಿತ್ತು. ಅವರು ಟೆಕ್ಸಸ್‌ನ ಗವರ್ನರ್ ಆಗಿದ್ದವರು, ತಕ್ಕಮಟ್ಟಿಗೆ ಸ್ಪ್ಯಾನಿಷ್ ಆಡುತ್ತಿದ್ದರು. ವಲಸೆ ಸುಧಾರಣೆಗೆ ಅವರು ಕೈಹಾಕಿದಾಗ 2007ರಲ್ಲಿ ಅದು ಸೆನೆಟ್‌ನಲ್ಲಿ ಬಿದ್ದಿತು. ಅವರ ಪಕ್ಷದವರೇ ಅನೇಕರು ಎದುರು ನಿಂತಿದ್ದರು. 2012ಕ್ಕೆ ಬರುವಾಗ, ಆ ವರ್ಷ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾದ ಮಿಟ್ ರಾಮ್ನಿ ಪ್ರೈಮರಿ ಚರ್ಚೆಯಲ್ಲಿ ‘ಸೆಲ್ಫ್ ಡಿಪೋರ್ಟೇಷನ್’ ಅಂದರು. ಬದುಕು ಬಿಗಿ ಮಾಡಿದರೆ ತಾವೇ ಊರಿಗೆ ಹೋಗುತ್ತಾರೆ ಎಂಬ ಅರ್ಥದಲ್ಲಿ. ಮಾರ್ಚ್ ಬಾಯಿಯ ಮಾತು ನವೆಂಬರ್‌ವರೆಗೂ ಬೆನ್ನು ಬಿಡಲಿಲ್ಲ. ಎಕ್ಸಿಟ್ ಪೋಲ್‌ನಲ್ಲಿ ಅವರಿಗೆ ಶೇ 27.

ಸೋತ ಮೇಲೆ ಪಕ್ಷ ಒಂದು ವರದಿ ಬರೆಸಿತು. 2013ರ ಮಾರ್ಚ್‌ನಲ್ಲಿ ಪಕ್ಷದ ಅಧ್ಯಕ್ಷ ರೀನ್ಸ್ ಪ್ರೀಬಸ್ ಹೊರತಂದ ಅದಕ್ಕೆ ಪತ್ರಕರ್ತರು ಇಟ್ಟ ಹೆಸರು ‘ಪೋಸ್ಟ್‌ಮಾರ್ಟಂ’. ಸಮಗ್ರ ವಲಸೆ ಸುಧಾರಣೆಯನ್ನು ಬೆಂಬಲಿಸಿ, ಇಲ್ಲದಿದ್ದರೆ ಪಕ್ಷ ಕುಗ್ಗುತ್ತ ಹೋಗುತ್ತದೆ ಎನ್ನುವುದು ಅದರ ತಿರುಳು. ಅದೇ ಜೂನ್‌ನಲ್ಲಿ ಸೆನೆಟ್ 68–32ರಿಂದ ಮಸೂದೆ ಒಪ್ಪಿತು. ಕ್ಯೂಬನ್ ಮೂಲದ ರಿಪಬ್ಲಿಕನ್ ಮಾರ್ಕೊ ರುಬಿಯೊ ಅದನ್ನು ರೂಪಿಸಿದ ಎಂಟು ಮಂದಿಯಲ್ಲಿ ಒಬ್ಬರು. ಕೆಳಮನೆಯಲ್ಲಿ ರಿಪಬ್ಲಿಕನ್ ಬಹುಮತ ಇತ್ತು. ಅಲ್ಲಿ ಅದು ಮತಕ್ಕೇ ಬರಲಿಲ್ಲ. 2014ರ ಜೂನ್‌ನಲ್ಲಿ ಕೆಳಮನೆಯ ನಂಬರ್ ಎರಡು ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದ ಪ್ರೈಮರಿಯಲ್ಲೇ ಸೋತರು. ಗೆದ್ದವರು ಹೆಚ್ಚು ಪರಿಚಯವಿಲ್ಲದ ಒಬ್ಬ ಪ್ರೊಫೆಸರ್, ಎತ್ತಿದ ದೊಡ್ಡ ವಿಷಯ ವಲಸೆ. ಟಿಕೆಟ್ ಕೊಡುವವರು ಯಾರು ಎಂಬುದು ಉಳಿದವರಿಗೆ ನೆನಪಾಯಿತು. ವರದಿ ಕಪಾಟು ಸೇರಿತು.

ಮುಂದಿನದು ನಿಮಗೇ ಗೊತ್ತು. 2016ರಲ್ಲಿ ಟ್ರಂಪ್ ವರದಿ ಹೇಳಿದ್ದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಈಗ ಪ್ಯೂ ಎಂಬ ಸಮೀಕ್ಷಾ ಸಂಸ್ಥೆಯ ಲೆಕ್ಕ ನೋಡಿ. ನಿಜವಾಗಿ ಮತ ಹಾಕಿದವರು ಯಾರೆಂದು ದಾಖಲೆ ತಾಳೆ ನೋಡಿ ಮಾಡಿದ್ದು, ಹಾಗಾಗಿ ಎಕ್ಸಿಟ್ ಪೋಲ್‌ಗಿಂತ ನಂಬಬಹುದು. ಹಿಸ್ಪಾನಿಕ್ ಮತದಲ್ಲಿ ಟ್ರಂಪ್ ಪಾಲು 2016ರಲ್ಲಿ ಶೇ 28. 2020ರಲ್ಲಿ 36. 2024ರಲ್ಲಿ 48. ಕಮಲಾ ಹ್ಯಾರಿಸ್‌ಗೆ 51. ಕಷಾಯ ಕುಡಿಯಲೇ ಇಲ್ಲ, ಜ್ವರ ಇಳಿಯಿತು!

ಆದರೆ ಗಮನಿಸಿ, 48 ಅಂದರೂ ಅರ್ಧಕ್ಕಿಂತ ಕಡಿಮೆಯೇ. ‘ಹಿಸ್ಪಾನಿಕ್ ಜನ ರಿಪಬ್ಲಿಕನ್ ಆಗಿಬಿಟ್ಟರು’ ಎಂದು ವಾಟ್ಸಾಪ್‌ನಲ್ಲಿ ಬಂದದ್ದು ತಪ್ಪು.

ಹೇಗೆ ಇಳಿಯಿತು ಜ್ವರ? ಇದಕ್ಕೆ ವ್ಯಾಲಿಗೇ ಹೋಗಬೇಕು. ಅಲ್ಲಿನ ಸ್ಟಾರ್ ಕೌಂಟಿಯಲ್ಲಿ ನೂರಕ್ಕೆ 97 ಜನ ಹಿಸ್ಪಾನಿಕ್. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಅಲ್ಲಿ ಶೇ 79 ಬಿದ್ದಿತ್ತು. 2024ರಲ್ಲಿ ಟ್ರಂಪ್ ಗೆದ್ದರು. 1892ರ ನಂತರ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಅಲ್ಲಿ ಗೆದ್ದದ್ದು ಅದೇ ಮೊದಲು. ಮುತ್ತಜ್ಜನ ಕಾಲದಿಂದ ಡೆಮೊಕ್ರಾಟ್ ಆಗಿದ್ದ ಊರು.

ಅಲ್ಲಿನ ಸಂಬಳದ ಕೆಲಸಗಳನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗಡಿ ಪಹರೆ, ಪೊಲೀಸ್, ತೈಲ ಬಾವಿ. ನನ್ನ ಸಹೋದ್ಯೋಗಿಯ ಅಣ್ಣ ಬಾರ್ಡರ್ ಪೆಟ್ರೋಲ್‌ನಲ್ಲಿದ್ದಾನೆ. ಡೆಮೊಕ್ರಾಟರು ತೈಲಕ್ಕೂ ಪೊಲೀಸರಿಗೂ ವಿರುದ್ಧ ಎಂಬ ಮಾತು ಅವನಿಗೆ ಸಿದ್ಧಾಂತವಲ್ಲ, ಮನೆ ಕಂತಿನ ಪ್ರಶ್ನೆ. ಮೇಲೆ ಬೆಲೆ ಏರಿಕೆ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿತು. ದಿನಗೂಲಿಯ ಮನೆಗೆ ಮೊಟ್ಟೆ, ಪೆಟ್ರೋಲ್, ಬಾಡಿಗೆ ಮೂರೂ ಒಟ್ಟಿಗೆ ಹೊಡೆದವು. ಗಡಿ ದಾಟಿ ಹೊಸದಾಗಿ ಬಂದವರ ಮೇಲೆ ಹಳಬರಿಗೆ ಸಿಟ್ಟೂ ಇತ್ತು. ‘ನಾವು ಸಾಲಿನಲ್ಲಿ ನಿಂತು ಬಂದೆವು’ ಎಂಬ ಸಿಟ್ಟು. ನಮ್ಮವರ ಬಾಯಲ್ಲೂ ಇದನ್ನು ಕೇಳಿದ್ದೇನೆ, ಸುಳ್ಳು ಹೇಳಬಾರದು. ಜೊತೆಗೆ ಕ್ಯಾಥಲಿಕ್ ಚರ್ಚ್ ಬಿಟ್ಟು ಇವಾಂಜೆಲಿಕಲ್ ಚರ್ಚ್ ಸೇರುವವರು ಹೆಚ್ಚಾಗಿದ್ದಾರೆ. ಆ ಚರ್ಚುಗಳ ಒಲವು ರಿಪಬ್ಲಿಕನ್ ಕಡೆಗೆ.

ಮಯಾಮಿ-ಡೇಡ್‌ನಲ್ಲೂ 2024ರಲ್ಲಿ ಟ್ರಂಪ್ ಗೆದ್ದರು, 1988ರ ನಂತರ ಮೊದಲ ಬಾರಿಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಕೌಂಟಿ ರಿಪಬ್ಲಿಕನ್ನರ ಪಾಲಾಯಿತು.

ಒಲಿದವರು ಉಳಿದರೇ?

ಗೆದ್ದ ಮರುವರ್ಷವೇ ಗಾಳಿ ತಿರುಗಿತು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಲಸೆ ಅಧಿಕಾರಿಗಳ ದಾಳಿ, ಪ್ರತಿಭಟನೆ, ನ್ಯಾಷನಲ್ ಗಾರ್ಡ್. ವೆನೆಜುವೆಲಾದವರಿಗೆ ಗಡೀಪಾರಿನಿಂದ ಇದ್ದ ತಾತ್ಕಾಲಿಕ ರಕ್ಷಣೆಯೂ ಹೋಯಿತು. ಟ್ರಂಪ್‌ಗೆ ಮತ ಹಾಕಿದ್ದ ಮಯಾಮಿಯ ಬೀದಿಗಳಲ್ಲೇ ಎಷ್ಟೋ ಮನೆಗಳಿಗೆ ಅದರ ಬಿಸಿ ತಟ್ಟಿತು. ನವೆಂಬರ್‌ನಲ್ಲಿ ನ್ಯೂಜೆರ್ಸಿ ಗವರ್ನರ್ ಚುನಾವಣೆ ಬಂತು. ಹಿಂದಿನ ವರ್ಷ ಟ್ರಂಪ್ ಗೆದ್ದಿದ್ದ ಪಸೇಯಿಕ್ ಕೌಂಟಿ ಡೆಮೊಕ್ರಾಟ್ ಮಿಕಿ ಶೆರಿಲ್ ಕಡೆಗೆ ವಾಲಿತು. ಅಲ್ಲಿ ಹಿಸ್ಪಾನಿಕ್ ಜನ ಜಾಸ್ತಿ. ಡಿಸೆಂಬರ್‌ನಲ್ಲಿ ಮಯಾಮಿ ನಗರದ ಮೇಯರ್ ಗಾದಿ ಸುಮಾರು ಮೂರು ದಶಕದ ನಂತರ ಡೆಮೊಕ್ರಾಟರ ಕೈಗೆ ಬಂತು.

ನನಗೆ ಕಾಣುವುದಿಷ್ಟು. 2024ರಲ್ಲಿ ಆ ಮತ ಹೋದದ್ದು ಪಕ್ಷದ ಮೇಲಿನ ಪ್ರೀತಿಗಲ್ಲ, ಖರ್ಚಿನ ಚೀಟಿಯ ಮೇಲಿನ ಸಿಟ್ಟಿಗೆ. ಚೀಟಿ ಇಳಿಯದೆ ಹೋದರೆ ಸಿಟ್ಟು ಈಗ ಅಧಿಕಾರದಲ್ಲಿರುವವರ ಮೇಲೆ ತಿರುಗುತ್ತದೆ.

ಇಷ್ಟರ ನಡುವೆ ಟೆಕ್ಸಸ್‌ನಲ್ಲಿ ರಿಪಬ್ಲಿಕನ್ನರು 2025ರ ಆಗಸ್ಟ್‌ನಲ್ಲಿ ಕ್ಷೇತ್ರಗಳ ನಕ್ಷೆಯನ್ನೇ ಮತ್ತೆ ಬರೆದರು. ಇಲ್ಲಿ ಕ್ಷೇತ್ರ ಗೆರೆ ಎಳೆಯುವುದು ಬಹಳ ರಾಜ್ಯಗಳಲ್ಲಿ ಶಾಸಕರೇ, ನಮ್ಮ ಹಾಗೆ ಬೇರೆ ಆಯೋಗ ಅಲ್ಲ. ಗುರಿ ಐದು ಹೆಚ್ಚುವರಿ ಸೀಟು. ಅವುಗಳಲ್ಲಿ ಹಲವು ಹಿಸ್ಪಾನಿಕ್ ಜನ ಹೆಚ್ಚಿರುವ ಕ್ಷೇತ್ರಗಳು. 2024ರ ಮತ ಹಾಗೇ ಉಳಿಯುತ್ತದೆ ಎಂದು ನಂಬಿ ಕಟ್ಟಿದ ಬಾಜಿ ಅದು.

ನಿಮಗೆ ಬೇಕಾದ ಮೂರು ಮಾತು

ಗ್ರೀನ್ ಕಾರ್ಡ್ ಇದ್ದರೂ ಇಲ್ಲಿನ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಇಲ್ಲ, ಪೌರತ್ವ ಬೇಕು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ‘ಮತದಾರರಾಗಿ ನೋಂದಾಯಿಸಲೇ?’ ಎಂಬ ಪ್ರಶ್ನೆ ಬರುತ್ತದೆ. ಪ್ರಜೆಯಲ್ಲದವರು ಗೊತ್ತಿಲ್ಲದೆ ಹೌದು ಅಂದರೂ ಮುಂದೆ ಪೌರತ್ವದ ಅರ್ಜಿಗೆ ಕುತ್ತು, ಗಡೀಪಾರಿನವರೆಗೂ ಹೋಗಬಹುದು. ಎಚ್‌-1ಬಿಯಲ್ಲಿ ಇರುವವರು ಅಭ್ಯರ್ಥಿಗೆ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್‌ನವರು ಕೊಡಬಹುದು.

ಪೌರತ್ವ ಸಿಕ್ಕವರು ನೋಂದಣಿ ಮರೆಯಬೇಡಿ. ಟೆಕ್ಸಸ್‌ನಲ್ಲಿ ಚುನಾವಣೆಗೆ 30 ದಿನ ಮುಂಚೆ ಮುಗಿದಿರಬೇಕು. ಬ್ಯಾಲೆಟ್ ಕೈಗೆ ಬಂದಾಗ ಇಂಗ್ಲಿಷ್ ಪಕ್ಕದಲ್ಲೇ ಸ್ಪ್ಯಾನಿಷ್ ಕಂಡು ಗಾಬರಿಯಾಗಬೇಡಿ. 1975ರಲ್ಲಿ ಮತದಾನ ಹಕ್ಕು ಕಾಯ್ದೆಗೆ ಸೇರಿಸಿದ ನಿಯಮ ಅದು. ಅದೇ ನಿಯಮದಿಂದ ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಹಿಂದಿಯೂ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬಂಗಾಳಿಯೂ ಬಂದಿವೆ.

2026ರ ನವೆಂಬರ್ 3ರ ಚುನಾವಣೆಯ ರಾತ್ರಿ ಟಿವಿ ಮುಂದೆ ಕೂತರೆ ಡಾಲಸ್, ಹೂಸ್ಟನ್ ಲೆಕ್ಕ ಆಮೇಲೆ ನೋಡಿ. ಮೊದಲು ವ್ಯಾಲಿಯ ಮೆಕಾಲೆನ್, ಬ್ರೌನ್ಸ್‌ವಿಲ್ ಕಡೆಯ ಕೆಳಮನೆ ಕ್ಷೇತ್ರಗಳನ್ನು ನೋಡಿ. ನನ್ನ ಸಹೋದ್ಯೋಗಿಯ ಮನೆಯಲ್ಲಿ ಅಪ್ಪ ಇನ್ನೂ ಡೆಮೊಕ್ರಾಟ್. ಅಣ್ಣ ಟ್ರಂಪ್‌ಗೆ ಹಾಕಿದವನು. ಈ ಸಲ ನೀವು ಯಾರಿಗೆ ಎಂದು ಆಕೆಯನ್ನು ಕೇಳಿದೆ. ‘ಇನ್ನೂ ಯಾರೂ ನನ್ನನ್ನು ಕೇಳಲು ಬಂದಿಲ್ಲ’ ಅಂದರು.