ಹಠ ಹಿಡಿದ ವಾಚ್ ಬ್ಯಾಕ್ ಬಿಚ್ಚುವುದು ಹೇಗೆ

ಹಳೇ ವಾಚಿನ ಹಿಂಬದಿ ತುಂಬ ಗೀರುಗಳಿದ್ದರೆ, ಯಾರೋ ಸ್ಕ್ರೂ ಬ್ಯಾಕನ್ನು (ತಿರುಗಿಸಿ ಬಿಚ್ಚುವ ಹಿಂಮುಚ್ಚಳವನ್ನು) ಚಾಕು ಹಾಕಿ ಮೀಟಿದ್ದಾರೆ, ಇಲ್ಲವೇ ಅದನ್ನು ತಿರುಗಿಸುವ ಓಪನರ್ ಜಾರಿದೆ ಎಂದೇ ತಿಳಿಯಬೇಕು. ಬಿಗಿ ಹಿಡಿದು ಹಾಳಾದ ಬ್ಯಾಕುಗಳಿಗಿಂತ ಬಿಚ್ಚುವವರ ಆತುರಕ್ಕೆ ಹಾಳಾದವೇ ಹೆಚ್ಚು. ಮೈಸೂರು, ಮಂಡ್ಯ ಕಡೆ ಬೀರುವಿನ ಮೂಲೆಯಲ್ಲಿ ಸಿಗುವ ಹಳೇ ವಾಚು ಬಹುಮಟ್ಟಿಗೆ ಎಚ್‌ಎಂಟಿಯೇ: ಜನತಾ, ಪೈಲಟ್, ಸೋನಾ, ಹೆಚ್ಚಾಗಿ ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಬ್ಯಾಕ್ ಕೆಡಿಸಿಕೊಂಡರೆ ಬದಲಿಗೆ ಇನ್ನೊಂದು ಹಳೇ ವಾಚನ್ನೇ ಬಿಚ್ಚಬೇಕಾದೀತು.

ಮೊದಲು ಅದು ಯಾವ ಬ್ಯಾಕ್ ಎಂದು ನೋಡಿ. ಬೆಲ್ಟು ತೆಗೆದು, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಸುತ್ತ ಪರೀಕ್ಷಿಸಿ. ಅಂಚಿನಲ್ಲಿ ಸಮ ಅಂತರದಲ್ಲಿ ಆರು ಕಚ್ಚುಗಳೋ, ನಟ್ಟಿನಂತೆ ಮೂಲೆಗಳೋ ಇದ್ದರೆ ಅದು ಸ್ಕ್ರೂ ಬ್ಯಾಕ್. ಕಚ್ಚಿಲ್ಲದೆ ಒಂದೇ ಕಡೆ ಉಗುರು ತಾಗುವಷ್ಟು ತುಟಿ ಅಥವಾ ಸಣ್ಣ ಸಂದು ಇದ್ದರೆ ಪ್ರೆಸ್ ಬ್ಯಾಕ್, ಅಂದರೆ ಒತ್ತಿ ಕೂರಿಸಿದ್ದು. ಸಂದೇ ಕಾಣದಿದ್ದರೆ ಕೆಲವು ವಾಚುಗಳು ಗ್ಲಾಸ್ ಕಡೆಯಿಂದ ತೆರೆಯುವಂಥವು. ಅವಕ್ಕೆ ಈ ವಿಧಾನ ಯಾವುದೂ ಬೇಡ.

ಬೆವರಿನ ಉಪ್ಪು, ಕೊಳೆ, ಗದ್ದೆಯ ಕೆಸರು ಸಂದಿನಲ್ಲಿ ಗಟ್ಟಿಯಾಗಿ ತುಕ್ಕು, ಹಸಿರು ಕಿಲುಬು ಎರಡನ್ನೂ ತರುತ್ತವೆ. ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದ ಕೇಸಾದರೆ ಕಿಲುಬು ಖಚಿತ. ಒಳಗಿನ ರಬ್ಬರ್ ವಾಷರ್ ವರ್ಷಗಳು ಕಳೆದಂತೆ ಡಾಂಬರಿನ ಹಾಗೆ ಅಂಟಾಗಿ ಎರಡೂ ಲೋಹವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಪಕರಣ ಹಾಕುವ ಮೊದಲು ಮರದ ಟೂತ್‌ಪಿಕ್ಕಿನಿಂದ ಸಂದನ್ನು ಕೆದಕಿ, ಗಡುಸು ಬ್ರಷ್‌ನಿಂದ ಒಣಗಿದ್ದಂತೆಯೇ ಉಜ್ಜಿ. ಆಲೆಮನೆಯಲ್ಲಿ ಕೆಲಸ ಮಾಡಿದವರ ವಾಚಾದರೆ ಬೆಲ್ಲದ ಪಾಕದ ಅಂಟು ಎಣ್ಣೆಗೆ ಜಗ್ಗುವುದಿಲ್ಲ, ಬಿಸಿನೀರಲ್ಲಿ ಹಿಂಡಿದ ಬಟ್ಟೆಗೆ ಕರಗುತ್ತದೆ. ಈ ಶುಚಿಗೆ ಇನ್ನೂ ಒಂದು ಕಾರಣವಿದೆ: ಬಿಚ್ಚುವ ಹೊತ್ತಿಗೆ ಸಂದಿನಲ್ಲಿ ಏನಿರುತ್ತದೋ ಅದೇ ಮೆಷಿನ್ ಮೇಲೆ ಉದುರುತ್ತದೆ.

ಸ್ಕ್ರೂ ಬ್ಯಾಕಿಗೆ ತುಕ್ಕು ಬಿಡಿಸುವ ತೆಳು ಎಣ್ಣೆ ಬೇಕು. ಡಬ್ಲ್ಯೂಡಿ-40 ಆಗುತ್ತದೆ, ಆದರೆ ನೇರವಾಗಿ ವಾಚಿಗೆ ಸಿಂಪಡಿಸಬೇಡಿ. ಬಾಟಲಿ ಮುಚ್ಚಳಕ್ಕೆ ಸ್ವಲ್ಪ ಹೊಡೆದು, ಹೊಲಿಗೆ ಸೂಜಿಯ ತುದಿಯಲ್ಲಿ ಅದ್ದಿ, ಸಂದಿನ ಸುತ್ತ ನಾಲ್ಕೈದು ಕಡೆ ಮುಟ್ಟಿಸಿ. ಹೆಚ್ಚಾದದ್ದನ್ನು ಒರೆಸಿ, ಗ್ಲಾಸ್ ಮೇಲೆ ಬರುವಂತೆ ಬಟ್ಟೆಯ ಮೇಲೆ ಇಡೀ ರಾತ್ರಿ ಬಿಡಿ. ಮಿಕ್ಕ ಎಣ್ಣೆ ಮೆಷಿನ್ ಕಡೆಗೆ ಹರಿಯದೆ ಬಟ್ಟೆಗೆ ಇಳಿಯಲಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕಬೇಡಿ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಮೈಸೂರಿನ ಧನುರ್ಮಾಸದ ಬೆಳಗಿಗೆ ಸಾಕಷ್ಟು ಗಟ್ಟಿಯಾಗಿರುತ್ತದೆ, ಆಮೇಲೆ ಜಿಗುಟಾಗುತ್ತದೆ.

ಬೆಳಿಗ್ಗೆ ವಾಚನ್ನು ಹೋಲ್ಡರಿನಲ್ಲಿ ಕೂರಿಸಿ, ಹೋಲ್ಡರನ್ನು ಮೇಜಿನ ವೈಸಿಗೆ ಬಿಗಿಯಿರಿ. ಎರಡೂ ಕೈ ಓಪನರಿಗೇ ಬೇಕು, ವಾಚು ಹಿಡಿಯಲು ಮೂರನೇ ಕೈ ಇಲ್ಲ. ಮೂರು ಮೊಳೆಯ ಓಪನರಾದರೆ ಒಂದು ಬಿಟ್ಟು ಒಂದು ಕಚ್ಚಿಗೆ ಕೂರಿಸಿ. ಮೊಳೆ ಕಚ್ಚಿನ ತಳ ಮುಟ್ಟಬೇಕು, ಅಗಲದಲ್ಲಿ ಅಲುಗಾಡಬಾರದು. ಅಲುಗಾಡಿದರೆ ಬೇರೆ ಮೊಳೆ ಹಾಕಿ. ಇಲ್ಲಿ ತಿರುಗಿಸುವ ಬಲಕ್ಕಿಂತ ಕೆಳಗೆ ಒತ್ತುವ ಬಲ ಮುಖ್ಯ. ಎದ್ದು ನಿಂತು, ಭುಜದ ಭಾರವನ್ನೆಲ್ಲ ಓಪನರ್ ಮೇಲೆ ಬಿಟ್ಟು, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ. ತುಕ್ಕಿನ ಹಿಡಿತ ಮುರಿಯುವುದು ಅಲ್ಲೇ. ನಂತರ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ. ಹಿಡಿತ ಜಾರುತ್ತಿದೆ ಎನಿಸಿದ ಕೂಡಲೇ ನಿಲ್ಲಿಸಿ, ಉಳಿದ ಮೂರು ಕಚ್ಚಿಗೆ ಬದಲಿಸಿ. ಅಷ್ಟಕ್ಕೂ ಬಾರದಿದ್ದರೆ ಹೇರ್ ಡ್ರೈಯರಿನಿಂದ ಎರಡು ನಿಮಿಷ ಕೇಸಿನ ಅಂಚಿಗೆ ಶಾಖ ಕೊಡಿ. ಮುಟ್ಟಿದರೆ ಚುರುಕೆನ್ನಬೇಕು, ಕೈ ಹಿಂತೆಗೆಯುವಷ್ಟು ಬೇಡ. ವಾಷರ್ ಮೆತ್ತಗಾಗುತ್ತದೆ, ಎಣ್ಣೆ ಇನ್ನಷ್ಟು ಒಳಗಿಳಿಯುತ್ತದೆ. ಇದಕ್ಕಿಂತ ಬಿಸಿಯಾದರೆ ಅಕ್ರಿಲಿಕ್ ಗ್ಲಾಸ್ ಸೊಟ್ಟಗಾಗುವ ಅಪಾಯವಿದೆ. ಫ್ರಿಜ್ಜಿನಲ್ಲಿಟ್ಟು ತಣಿಸುವುದಂತೂ ಬೇಡ, ಒಳಗೆ ಮಂಜು ಕೂತು ತುಕ್ಕು ಹೊಸದಾಗಿ ಶುರುವಾಗುತ್ತದೆ.

ಕಚ್ಚುಗಳೇ ಸವೆದು ಹೋಗಿದ್ದರೆ ನಟ್ ಅಂಟಿಸುವ ದಾರಿಯೊಂದೇ. 19ರ ಸ್ಪ್ಯಾನರ್ ಹಿಡಿಯುವ ಉಕ್ಕಿನ ನಟ್ ತೆಗೆದುಕೊಂಡು ಒಂದು ಮುಖವನ್ನು ಸ್ಯಾಂಡ್‌ಪೇಪರಿನಲ್ಲಿ ಸಮ ಮಾಡಿ. ಬ್ಯಾಕಿನ ಮೇಲೆ ಎಣ್ಣೆಯ ಸುಳಿವೂ ಉಳಿಯದಂತೆ, ಹತ್ತಿಯಲ್ಲಿ ಎರಡೇ ಹನಿ ಅಸಿಟೋನ್ ಹಾಕಿ ಒರೆಸಿ. ಅದು ಗ್ಲಾಸಿಗೆ ತಾಗಿದರೆ ಅಕ್ರಿಲಿಕ್ ಮಸುಕಾಗಿ ಬಿರುಕು ಬಿಡುತ್ತದೆ, ಎಚ್ಚರ. ನಟ್ಟಿನ ಮುಖಕ್ಕೆ ಫೆವಿಕ್ವಿಕ್ ಹಚ್ಚಿ ನಡುವೆ ಒತ್ತಿ, ಒಂದು ದಿನ ಗಾಳಿಯಾಡುವ ಕಡೆ ಬಿಡಿ. ಮುಚ್ಚಿಟ್ಟರೆ ಆವಿ ತಾಗಿ ಗ್ಲಾಸಿನ ಮೇಲೆ ಬಿಳಿ ಪೊರೆ ಕೂರುತ್ತದೆ. ನಂತರ ಸ್ಪ್ಯಾನರ್ ಹಾಕಿ ನಿಧಾನವಾಗಿ ಭಾರ ಹೆಚ್ಚಿಸಿ, ಕುಕ್ಕಬೇಡಿ. ಈ ಅಂಟು ಗಡಸು, ಏಟಿಗೆ ಚಟ್ಟನೆ ಕಿತ್ತುಬರುತ್ತದೆ. ಬ್ಯಾಕ್ ಬಂದ ಮೇಲೆ ನಟ್ಟಿನ ಸಮೇತ ಸ್ಟೀಲ್ ಬಟ್ಟಲಿನ ಅಸಿಟೋನಿನಲ್ಲಿ ನೆನೆಹಾಕಿದರೆ ಅಂಟು ತಾನೇ ಬಿಡುತ್ತದೆ.

ಪ್ರೆಸ್ ಬ್ಯಾಕಿಗೆ ಎಣ್ಣೆಯೂ ಬೇಡ, ಬಲವೂ ಅಷ್ಟು ಬೇಡ. ತುಟಿ ಸಿಕ್ಕಿದ ಜಾಗದಲ್ಲಿ ಮೊದಲು ತೆಳು ಬ್ಲೇಡಿನ ಅಂಚು ಕೂರಿಸಿ, ಕೂದಲೆಳೆ ಸಂದು ಬಿಟ್ಟ ಮೇಲೆ ದಪ್ಪನೆಯ ಕೇಸ್ ಚಾಕು ಹಾಕಿ. ಒಂದು ಮಿಲಿಮೀಟರಿಗಿಂತ ಒಳಗೆ ಹೋಗಬಾರದು. ಹೆಬ್ಬೆರಳನ್ನು ಅಲಗಿನ ತುದಿಯ ಹತ್ತಿರವೇ ತಡೆಯಾಗಿ ಇಟ್ಟುಕೊಳ್ಳಿ. ಸನ್ನೆಗೋಲಿನಂತೆ ಎತ್ತುವುದು ಅಲ್ಲ, ಅಲಗನ್ನು ಅದರ ಅಡ್ಡಕ್ಕೆ ತಿರುಚಬೇಕು. ಕೀ (ಪಕ್ಕದಲ್ಲಿ ತಿರುಗಿಸುವ ಗುಂಡಿ) ಇರುವ ಕಡೆ ಮಾತ್ರ ಅಲಗು ಹಾಕಬೇಡಿ: ಜಾರಿದರೆ ಕೀಯ ಕಡ್ಡಿಯೇ ಬಗ್ಗುತ್ತದೆ.

ಬ್ಯಾಕ್ ತೆಗೆದಾಗ ವಾಚಿನ ಒಳಗೆ ಬಾಯಿಂದ ಊದುವ ಅಭ್ಯಾಸ ಬಿಡಿ, ಉಗುಳಿನ ಹನಿ ಕೂದಲೆಳೆಯಂಥ ಬ್ಯಾಲೆನ್ಸ್ ಸ್ಪ್ರಿಂಗಿಗೆ ತಾಗಿದರೆ ತುಕ್ಕು. ರಬ್ಬರ್ ಬಲ್ಬ್ ಸಾಕು. ಹಳೇ ವಾಷರನ್ನು ಟೂತ್‌ಪಿಕ್ಕಿನಿಂದ ತೆಗೆದು, ಮರೆಯನ್ನು (ಸ್ಕ್ರೂವಿನ ಸುರುಳಿ ಗೆರೆಗಳನ್ನು) ಲೈಟರ್ ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿ. ಹೊಸ ವಾಷರಿಗೆ ಒಳವ್ಯಾಸ, ದಪ್ಪ ಎರಡನ್ನೂ ವರ್ನಿಯರಿನಲ್ಲಿ ಅಳೆದುಕೊಂಡು, ದೇವರಾಜ ಮಾರುಕಟ್ಟೆ ಆಸುಪಾಸಿನ ಅಥವಾ ಮಂಡ್ಯ ಪೇಟೆ ಬೀದಿಯ ವಾಚ್ ರಿಪೇರಿಯವರನ್ನು ಕೇಳಿ ನೋಡಿ. ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಕಡಿಮೆ ಇರುತ್ತದೆ. ಸಿಲಿಕಾನ್ ಗ್ರೀಸ್ ಸವರಿ ಕೂರಿಸಿ.

ಸ್ಕ್ರೂ ಬ್ಯಾಕನ್ನು ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, ಮರೆ ಕೂರುವ ಸಣ್ಣ ಟಿಕ್ ಕೇಳಿದ ಮೇಲೆ ಬಿಗಿಯಿರಿ. ಪ್ರೆಸ್ ಬ್ಯಾಕಿನ ಒಳಅಂಚಿನಲ್ಲಿ ಕೀ ಕಡ್ಡಿಗೆಂದು ಚಿಕ್ಕ ಕಚ್ಚು ಇದ್ದರೆ ಅದು ಕಡ್ಡಿಯ ನೇರಕ್ಕೇ ಬರಬೇಕು. ಒತ್ತುವಾಗ ಉಬ್ಬಿದ ಗ್ಲಾಸಿನ ನಡುವೆ ಭಾರ ಬೀಳದಂತೆ, ಕೇಸಿನ ಅಂಚು ಮಾತ್ರ ತಾಗುವ ಪ್ಲಾಸ್ಟಿಕ್ ಉಂಗುರವೊಂದನ್ನು ಕೆಳಗಿಟ್ಟುಕೊಳ್ಳಿ.