ಹಳೇ ಸ್ಪಾರ್ಕ್‌ಸ್ಟೇಷನ್‌ನ ಜಾತಕ ಓದೋದು ಹೇಗೆ?

ಸನ್ ಕಂಪನಿಯ ಹಳೇ ಸ್ಪಾರ್ಕ್‌ಸ್ಟೇಷನ್ (ಒಂದು ಬಗೆಯ ವರ್ಕ್‌ಸ್ಟೇಷನ್ ಕಂಪ್ಯೂಟರ್) ಕೈಗೆ ಸಿಕ್ಕಿತಾ? ಚಿಪ್ ಕೀಳಬೇಡಿ, ಡಿಸ್ಕ್ ಅಳಿಸಬೇಡಿ. ಅದರ ಜಾತಕ, ಅಂದರೆ ಯಾವ ಮಾಡೆಲ್, ಯಾರ ಕೈಲಿತ್ತು ಅನ್ನೋದು, ಅದರೊಳಗೇ ಇದೆ, ಮೊದಲು ಅದನ್ನ ಬರೆದಿಟ್ಟುಕೊಳ್ಳಿ.

ಡಬ್ಬ ನೋಡಿದರೇ ಅರ್ಧ ಕತೆ ಗೊತ್ತಾಗುತ್ತದೆ. ಪಿಜ್ಜಾ ಡಬ್ಬದಂತೆ ಚಪ್ಪಟೆಯಾಗಿದ್ದರೆ ಅದು 1989ರ ಏಪ್ರಿಲ್‌ನಲ್ಲಿ ಬಂದ ಸ್ಪಾರ್ಕ್‌ಸ್ಟೇಷನ್ 1 ಇರಬಹುದು, ಇಲ್ಲಾ ಅದರ ತಮ್ಮಂದಿರು. ಟಿಫನ್ ಡಬ್ಬಿ ಥರ ಗಿಡ್ಡಗೆ ಇದ್ದರೆ ಐಪಿಸಿ ಅಥವಾ ಐಪಿಎಕ್ಸ್ ಮಾಡೆಲ್. ಸನ್ ಶುರುವಾಗಿದ್ದು 1982ರಲ್ಲಿ, ಮೊದಮೊದಲು ಮೊಟೊರೊಲಾ ಪ್ರೊಸೆಸರ್ ಹಾಕುತ್ತಿದ್ದರು. 1987ರ ಸನ್-4ರಿಂದ ಸ್ವಂತ ಸ್ಪಾರ್ಕ್ ಪ್ರೊಸೆಸರ್ ಬಂತು.

ಮಾನಿಟರ್ ಹುಡುಕಿಕೊಂಡು ಅಲೆಯಬೇಡಿ, ಸನ್ ಮಾನಿಟರ್‌ನ ಆ 13ಡಬ್ಲ್ಯು3 ಕನೆಕ್ಟರ್ ಸುಮ್ನೆ ತಲೆನೋವು. ಕೀಬೋರ್ಡ್ ಸಿಗಿಸದೆ ಆನ್ ಮಾಡಿದರೆ ಯಂತ್ರ ತಾನಾಗಿಯೇ ಸೀರಿಯಲ್ ಪೋರ್ಟ್ 'ಎ'ಯಲ್ಲಿ ಮಾತಾಡುತ್ತದೆ. ಅಲ್ಲಿಗೆ ಇನ್ನೊಂದು ಕಂಪ್ಯೂಟರ್‌ನ ಟರ್ಮಿನಲ್ ಪ್ರೋಗ್ರಾಂ ಜೋಡಿಸಿ, ವೇಗ 9600 ಬಾಡ್. ಟರ್ಮಿನಲ್‌ನಿಂದ ಬ್ರೇಕ್ (ತಡೆಯೋ ಸಂಕೇತ) ಕಳಿಸಿ, ಸಾಮಾನ್ಯವಾಗಿ 'ಓಕೆ' (ok) ಪ್ರಾಂಪ್ಟ್, ಅಂದರೆ ಕಮಾಂಡ್‌ಗೆ ಕಾಯೋ ಸಾಲು, ಬರುತ್ತದೆ. ಅಲ್ಲಿ 'ಬ್ಯಾನರ್' (banner) ಅಂತ ಟೈಪ್ ಮಾಡಿ. ಮಾಡೆಲ್, ಮೆಮೊರಿ, ಈಥರ್ನೆಟ್ ವಿಳಾಸ, ಹೋಸ್ಟ್ ಐಡಿ (ಯಂತ್ರದ ಗುರುತಿನ ಸಂಖ್ಯೆ) ಎಲ್ಲಾ ಬರುತ್ತವೆ, ಫೋಟೊ ತೆಗೆದಿಡಿ. ಹೋಸ್ಟ್ ಐಡಿಯ ಮೊದಲ ಎರಡು ಅಂಕಿಯೇ ಮಾಡೆಲ್: 51 ಅಂದರೆ ಸ್ಪಾರ್ಕ್‌ಸ್ಟೇಷನ್ 1, 55 ಅಂದರೆ 2, 57 ಅಂದರೆ ಐಪಿಎಕ್ಸ್. ಡಬ್ಬ ಒಂದು, ಒಳಗಿನ ಬೋರ್ಡ್ ಇನ್ನೊಂದು ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಆದರೆ ಜಾಸ್ತಿ ಯಂತ್ರಗಳಲ್ಲಿ ನೀವು ನೋಡೋದು ಐಡಿಪ್ರಾಮ್ (ಯಂತ್ರದ ಗುರುತಿನ ದಾಖಲೆ) ಸರಿಯಿಲ್ಲ ಅನ್ನೋ ದೂರು, ವಿಳಾಸದ ಜಾಗದಲ್ಲಿ ಬರೀ ಎಫ್‌ಗಳ ಸಾಲು. ಗಾಬರಿ ಬೇಡ. ಗುರುತು ಇರೋದು ಕರೆಂಟ್ ಹೋದರೂ ನೆನಪಿಟ್ಟುಕೊಳ್ಳೋ ಎನ್‌ವಿರ‍್ಯಾಮ್ ಚಿಪ್‌ನಲ್ಲಿ, ಅದರ ಬ್ಯಾಟರಿ ಚಿಪ್‌ನ ಹೊಟ್ಟೆಯಲ್ಲೇ ಅಂಟಿನೊಳಗೆ ಮುಚ್ಚಿಹೋಗಿದೆ, ಹತ್ತು ವರ್ಷದ ಆಸುಪಾಸಿನಲ್ಲಿ ಸಾಯುತ್ತದೆ. ಚಿಪ್ ಮೇಲೆ ಬಾರ್‌ಕೋಡ್ ಚೀಟಿ ಇದೆಯಾ ನೋಡಿ, ವಿಳಾಸದ ಕೊನೆಯ ಆರು ಅಂಕಿ ಸಾಮಾನ್ಯವಾಗಿ ಅದರಲ್ಲಿರುತ್ತವೆ. ಮೊದಲ ಆರು ಸನ್‌ನವೇ: 08:00:20. ನಾನು ಒಂದ್ಸಲ ಚೀಟಿ ನೋಡದೆ ಚಿಪ್ ಬಿಸಾಕಿ, ಆಮೇಲೆ ಸುಳ್ಳು ವಿಳಾಸ ಕೊಟ್ಟು ಕೈತೊಳೆದುಕೊಂಡೆ. ಯಂತ್ರ ಓಡುತ್ತದೆ, ಆದರೆ ಅದು ಯಾರು ಅಂತ ಇನ್ನು ಗೊತ್ತಾಗಲ್ಲ.

ಹೊಸ ಚಿಪ್ ಹಾಕಿದರೂ ಅದು ಖಾಲಿಯೇ, ಹಾಗಾಗಿ 'ಎಂಕೆಪಿ' (mkp) ಕಮಾಂಡ್‌ನಲ್ಲಿ 16 ಬೈಟ್ ನೀವೇ ತುಂಬಬೇಕು. ಮೊದಲು 01, ಆಮೇಲೆ ಮಾಡೆಲ್ ಅಂಕಿ, ಆರು ಬೈಟ್ ವಿಳಾಸ, ನಾಲ್ಕು ಬೈಟ್ ತಯಾರಾದ ದಿನಾಂಕ (ಸೊನ್ನೆ ಬಿಟ್ಟರೂ ನಡೆಯುತ್ತದೆ), ಮೂರು ಬೈಟ್ ಕ್ರಮಸಂಖ್ಯೆ. ಕೊನೆಯದು ಹಿಂದಿನ ಹದಿನೈದನ್ನೂ ಎಕ್ಸ್‌ಓಆರ್ (XOR, ಬಿಟ್‌ಗಳನ್ನ ಹೋಲಿಸೋ ಲೆಕ್ಕ) ಮಾಡಿದ ಚೆಕ್‌ಸಮ್, ಅಂದರೆ ತಾಳೆ ನೋಡೋ ಅಂಕಿ. ಇದೊಂದು ತಪ್ಪಿದರೂ ಮತ್ತೆ ಅದೇ ದೂರು!

ಇನ್ನು ಡಿಸ್ಕ್. ಬೂಟ್ ಮಾಡೋ ಮುಂಚೆ ಬೇರೆ ಯಂತ್ರದ ಸ್ಕಸಿ (SCSI, ಇಂಥ ಡಿಸ್ಕ್ ಜೋಡಿಸೋ) ಕಾರ್ಡ್‌ಗೆ ಸಿಗಿಸಿ ಪೂರ್ತಿ ನಕಲು ತೆಗೆಯಿರಿ. ರೂಟ್‌ನಲ್ಲಿ (ಎಲ್ಲಕ್ಕೂ ಮೇಲಿನ ಫೋಲ್ಡರ್) 'ವಿಎಂಯುನಿಕ್ಸ್' (vmunix) ಅನ್ನೋ ಫೈಲ್ ಇದ್ದರೆ ಬಿಎಸ್‌ಡಿ ಯುನಿಕ್ಸ್ ವಂಶದ ಸನ್‌ಓಎಸ್ 4, ಇಲ್ಲದಿದ್ದರೆ ಬಹುಶಃ ಸೊಲಾರಿಸ್ 2; ಎರಡೂ ಸನ್‌ನ ಆಪರೇಟಿಂಗ್ ಸಿಸ್ಟಂಗಳೇ. ಬೂಟ್ ಆದ ಮೇಲೆ 'ಲಾಸ್ಟ್' (last) ಅಂತ ಕೊಡಿ. ಕೊನೆಗೆ ಲಾಗಿನ್ ಆದವರ ಹೆಸರುಗಳು ಉಳಿದಿದ್ದರೂ ಉಳಿದಿರಬಹುದು.